ಮಾವನ ಕೊಲೆಸ್ಟ್ರಾಲ್ ಇಳಿದಾಗ

ಬದಿಯಡ್ಕದಲ್ಲಿ ನನ್ನದೊಂದು ಸಣ್ಣ ರಕ್ತಪರೀಕ್ಷೆಯ ಲ್ಯಾಬ್ ಇದೆ. ಮಾವ ವರ್ಷಕ್ಕೊಮ್ಮೆ ನೀರ್ಚಾಲಿನಿಂದ ಬೆಳಗಿನ ಬಸ್ಸಿಗೆ ಖಾಲಿ ಹೊಟ್ಟೆಯಲ್ಲಿ ಬರುತ್ತಾರೆ. ಮೊದಲಿನ ವರ್ಷ ಕೊಲೆಸ್ಟ್ರಾಲ್ 238 ಇತ್ತು. ಕಳೆದ ವರ್ಷ ನೋಡಿದರೆ 131.

"ಒಳ್ಳೇದಾಯ್ತು ಮಾವ" ಅಂದೆ. ಅತ್ತೆಗೂ ಖುಷಿ. ಆದರೆ ಮಾವ ಅದಕ್ಕೆ ಮಾತ್ರೆ ತಿನ್ನುತ್ತಿರಲಿಲ್ಲ. ತೆಂಗಿನೆಣ್ಣೆಯಲ್ಲಿ ಕರಿದ ಹಲಸಿನ ಹಪ್ಪಳವನ್ನೂ ಬಿಟ್ಟಿರಲಿಲ್ಲ. ಹಾಗಾದರೆ ಇಳಿದದ್ದು ಹೇಗೆ? ಅವತ್ತು ನಾನು ಕೇಳಿಕೊಳ್ಳಲೇ ಇಲ್ಲ. ಇವತ್ತಿಗೂ ಅದು ಮನಸ್ಸಿಗೆ ಚುಚ್ಚುತ್ತದೆ.

ಅದಾಗಿ ಮೂರು ವಾರದೊಳಗೆ ಮಾವನಿಗೆ ಬಿಡದ ಜ್ವರ, ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಸ್ಲೈಡಿಗೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಎಲ್ಲಿ ಸರಿಸಿದರೂ ದೊಡ್ಡ ದೊಡ್ಡ ಬಿಳಿ ರಕ್ತಕಣಗಳು. ನೇರಳೆ ಬಣ್ಣದ ನ್ಯೂಕ್ಲಿಯಸ್ಸೇ ಕಣದ ತುಂಬ. ಕೈ ತಣ್ಣಗಾಯಿತು. ಅವತ್ತೇ ಮಂಗಳೂರಿಗೆ ಕರೆದುಕೊಂಡು ಹೋದೆವು. ರಕ್ತದ ಕ್ಯಾನ್ಸರ್.

ಆಮೇಲೆ ಕೂತು ಓದಿದೆ. ಒಂದು ಕೋಶ ಎರಡಾಗಬೇಕಾದರೆ ಹೊಸ ಪೊರೆ ಬೇಕು, ಪೊರೆ ಕಟ್ಟಲು ಕೊಲೆಸ್ಟ್ರಾಲ್ ಬೇಕು. ಕೋಶ ಅದನ್ನು ತಾನೇ ತಯಾರಿಸುತ್ತದೆ, ಇಲ್ಲವೇ ಎಲ್‌ಡಿಎಲ್ ಗ್ರಾಹಕಗಳಿಂದ ರಕ್ತದೊಳಗಿನದ್ದನ್ನು ಎಳೆದುಕೊಳ್ಳುತ್ತದೆ. ಎಲ್‌ಡಿಎಲ್ ಅಂದರೆ ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ತಿರುಗುವ ಕಣ; ಗ್ರಾಹಕ ಅಂದರೆ ಅದನ್ನು ಹಿಡಿದುಕೊಳ್ಳಲು ಕೋಶದ ಮೈಮೇಲಿರುವ ಕೊಕ್ಕೆಯಂಥದ್ದು. ಈ ಗ್ರಾಹಕವನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಆರೋಗ್ಯವಂತ ಕೋಶ ಸಾಕಾದ ಕೂಡಲೇ ಎರಡನ್ನೂ ತಗ್ಗಿಸುತ್ತದೆ. ಎಷ್ಟೋ ಕ್ಯಾನ್ಸರ್ ಕೋಶಗಳಲ್ಲಿ ಈ ಹಿಡಿತವೇ ತಪ್ಪಿರುತ್ತದೆ. ಅದೇ 1985ರಲ್ಲಿ ಸ್ವೀಡನ್ನಿನ ಸಂಶೋಧಕರು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು: ರಕ್ತದ ಕ್ಯಾನ್ಸರ್ ರೋಗಿಗಳ ಕೋಶಗಳಲ್ಲಿ ಈ ಗ್ರಾಹಕಗಳ ಕೆಲಸ ಜೋರಾದಷ್ಟೂ ರಕ್ತದಲ್ಲಿ ಕೊಲೆಸ್ಟ್ರಾಲ್ ಕಡಿಮೆ. ಓದಿ ಮಾವನ ಹಳೇ ರಿಪೋರ್ಟು ತೆಗೆದೆ. 131ರ ಮುಂದೆ ನಾನೇ ಹಾಕಿದ್ದ 'ನಾರ್ಮಲ್' ಎಂಬ ಗುರುತು ಹಾಗೇ ಇತ್ತು.

ಇದನ್ನು ಓದಿ ಸುಮ್ನೆ ಹೆದರಬೇಡಿ. ಕೊಲೆಸ್ಟ್ರಾಲ್ ಕಡಿಮೆಯಾದದ್ದರಿಂದ ಮಾವನಿಗೆ ಕ್ಯಾನ್ಸರ್ ಬಂದದ್ದಲ್ಲ. ಸ್ಟ್ಯಾಟಿನ್ ಮಾತ್ರೆಯಿಂದ ಇಳಿದಿದ್ದರೆ ಅದು ಮಾತ್ರೆಯ ಕೆಲಸ, ದಯವಿಟ್ಟು ನಿಲ್ಲಿಸಬೇಡಿ. ಈಗ ನಾನು ಇಷ್ಟು ಮಾಡುತ್ತೇನೆ: ಕಾರಣವಿಲ್ಲದೆ ತುಂಬ ಇಳಿದಿದ್ದರೆ ಹಳೇ ರಿಪೋರ್ಟು ಪಕ್ಕಕ್ಕಿಟ್ಟು, ಸುಸ್ತು ಇದೆಯಾ, ತೂಕ ಇಳಿದಿದೆಯಾ ಅಂತ ಕೇಳಿ, ಡಾಕ್ಟರ ಹತ್ತಿರ ಕಳಿಸುತ್ತೇನೆ.

ಎರಡನೇ ಸುತ್ತಿನ ಕೀಮೋ ಮುಗಿದ ಮೇಲೆ ಮಾವನ ಕೊಲೆಸ್ಟ್ರಾಲ್ 196.

"ಅಯ್ಯೋ, ಮತ್ತೆ ಏರಿತಲ್ಲ!" ಅಂದರು ಅತ್ತೆ.

"ಏರಲಿ ಅತ್ತೆ" ಅಂದೆ.