ಆಪರೇಷನ್‌ಗೆ ಬಂದವರಿಂದ ಸೈಕಲ್ ಯಾಕೆ ತುಳಿಸುತ್ತೀರಿ?

"ಇಸಿಜಿ ನಾರ್ಮಲ್, ಎಕೋನೂ ನಾರ್ಮಲ್. ಮತ್ತೆ ಈ ಸೈಕಲ್ ಯಾಕೆ ಡಾಕ್ಟ್ರೇ?" ದೊಡ್ಡ ಆಪರೇಷನ್‌ಗೆ ಮೊದಲು, ನಿಂತಲ್ಲೇ ತುಳಿಯುವ ಸೈಕಲ್ ಟೆಸ್ಟ್‌ಗೆ ನಮ್ಮಲ್ಲಿಗೆ ಬರುವವರು ಕೇಳುವುದು ಇದನ್ನೇ.

ಹೃದಯದ ಆ ಎರಡು ಟೆಸ್ಟ್‌ಗಳನ್ನು ಮಾಡಿದ್ದು ನೀವು ಸುಮ್ನೆ ಮಲಗಿದ್ದಾಗ. ಆಗ ಹೃದಯಕ್ಕೆ ಕೆಲಸ ಕಮ್ಮಿ. ಹೊಟ್ಟೆಯದೋ ಎದೆಯದೋ ದೊಡ್ಡ ಆಪರೇಷನ್ ಆದರೆ ದೇಹ ಮಲಗಿದಲ್ಲೇ ದುಡಿಯಬೇಕು. ಗಾಯ ಮಾಯಲು ಆಮ್ಲಜನಕ ಜಾಸ್ತಿ ಬೇಕು, ಅದೂ ದಿನಗಟ್ಟಲೆ. ಅಷ್ಟನ್ನು ಒದಗಿಸುವ ತಾಕತ್ತು ಹೃದಯ, ಶ್ವಾಸಕೋಶಗಳಿಗೆ ಇದೆಯಾ ಎಂದು ನೋಡಲು ಅವಕ್ಕೆ ಕೆಲಸ ಕೊಡಲೇಬೇಕು.

ಮುಖಕ್ಕೆ ಮಾಸ್ಕ್, ಎದೆಗೆ ಇಸಿಜಿ ವೈರು. ಪೆಡಲ್ ಮೆಲ್ಲಗೆ ಬಿಗಿಯಾಗುತ್ತಾ ಹೋಗುತ್ತದೆ. ತುಳಿಯುವುದು ಸುಮಾರು 10 ನಿಮಿಷ. ಒಂದೊಂದು ಉಸಿರಿನಲ್ಲೂ ಎಷ್ಟು ಆಮ್ಲಜನಕ ಒಳಹೋಯಿತು, ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬಂತು ಎಂದು ಯಂತ್ರ ಅಳೆಯುತ್ತದೆ. ಒಂದು ಹಂತದ ನಂತರ, ಸ್ನಾಯುಗಳು ಜೋರಾಗಿ ದುಡಿದಾಗ ಹುಟ್ಟುವ ಲ್ಯಾಕ್ಟೇಟ್ ಎಂಬ ವಸ್ತು ರಕ್ತದಲ್ಲಿ ಏರತೊಡಗುತ್ತದೆ. ಅದೇ ಅನಿರೋಬಿಕ್ ಥ್ರೆಷೋಲ್ಡ್. ಪೂರ್ತಿ ಸುಸ್ತಾಗುವ ಮೊದಲೇ ಇದು ಸಿಗುತ್ತದೆ. ಹಾಗಾಗಿ ವಯಸ್ಸಾದವರಿಗೂ ಈ ಟೆಸ್ಟ್ ಮಾಡಬಹುದು.

1993ರಲ್ಲಿ ಆಸ್ಟ್ರೇಲಿಯಾದ ವೈದ್ಯರು 187 ಹಿರಿಯರಲ್ಲಿ ಇದನ್ನು ನೋಡಿದರು. ಈ ಹಂತದಲ್ಲಿ ಕಿಲೋ ತೂಕಕ್ಕೆ ನಿಮಿಷಕ್ಕೆ 11 ಮಿಲಿಲೀಟರ್ ಆಮ್ಲಜನಕವನ್ನೂ ಮುಟ್ಟದವರಲ್ಲಿ ಆಪರೇಷನ್ ನಂತರದ ಸಾವು ತುಂಬಾ ಜಾಸ್ತಿ ಇತ್ತು. 11 ಎಂಬುದನ್ನು ಲಕ್ಷ್ಮಣರೇಖೆ ಅಂದುಕೊಳ್ಳಬೇಡಿ. ಅಧ್ಯಯನ ಚಿಕ್ಕದು.

"ಎರಡು ಮಹಡಿ ಹತ್ತುತ್ತೀನಿ, ಸಾಲದಾ?" ಹತ್ತಿದರೆ ಒಳ್ಳೆಯದೇ. ಆದರೆ ಕೇಳಿ ಅಂದಾಜು ಮಾಡುವ ನಮ್ಮನ್ನು ಜಾಸ್ತಿ ನಂಬಬೇಡಿ! 1,400 ರೋಗಿಗಳ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ನಿಜವಾಗಿ ತಾಕತ್ತು ಕಮ್ಮಿ ಇದ್ದವರಲ್ಲಿ ಐವರಿಗೆ ಒಬ್ಬರನ್ನೂ ವೈದ್ಯರು ಸರಿಯಾಗಿ ಗುರುತಿಸಿರಲಿಲ್ಲ. ಹಾಗಂತ ಅಲ್ಲಿ ಸೈಕಲ್ಲೇ ಗೆಲ್ಲಲಿಲ್ಲ. ಹೃದಯಾಘಾತ ಮತ್ತು ಸಾವಿನ ಅಪಾಯ ತಿಳಿಯಲು 12 ಪ್ರಶ್ನೆಗಳ ಒಂದು ಸರಳ ಪಟ್ಟಿಯೇ ಹೆಚ್ಚು ನೆರವಾಯಿತು. ಸೈಕಲ್ ಫಲಿತಾಂಶಕ್ಕೆ ನಂಟು ಕಂಡಿದ್ದು ಆಪರೇಷನ್ ನಂತರದ ಇತರ ತೊಡಕುಗಳ ಜೊತೆ. ಅದಕ್ಕೇ ಎಲ್ಲರನ್ನೂ ಸೈಕಲ್ ಹತ್ತಿಸುವುದು ನನಗೆ ಒಪ್ಪಿಗೆಯಿಲ್ಲ. ಚಿಕ್ಕ ಆಪರೇಷನ್‌ಗಂತೂ ಬೇಡವೇ ಬೇಡ. ಮಂಡಿನೋವಿದ್ದರೆ ಕೈಯಲ್ಲಿ ತಿರುಗಿಸುವ ಪೆಡಲ್ ಇದೆ.

ಫಲಿತಾಂಶ ಕಮ್ಮಿ ಬಂದರೆ ಫೇಲ್ ಅಲ್ಲ. ಐಸಿಯು ಹಾಸಿಗೆ ಮೊದಲೇ ಕಾದಿರಿಸುತ್ತೇವೆ. ರಕ್ತಹೀನತೆ ಇದ್ದರೆ ಸರಿಪಡಿಸುತ್ತೇವೆ. ಕಾಯಲು ಸಮಯವಿದ್ದರೆ ಕೆಲವು ವಾರ ವ್ಯಾಯಾಮ ಮಾಡಿಸುತ್ತೇವೆ. ಕೆಲವೊಮ್ಮೆ ಸರ್ಜನ್ ಜೊತೆ ಕೂತು, ಇನ್ನೂ ಸಣ್ಣ ಆಪರೇಷನ್ ಸಾಕಾಗುತ್ತದಾ ಎಂದು ಯೋಚಿಸುವುದೂ ಉಂಟು.

ಬರುವಾಗ ಸಡಿಲ ಬಟ್ಟೆ, ಶೂ ಹಾಕಿಕೊಳ್ಳಿ. ಹೊಟ್ಟೆ ತುಂಬಾ ಉಂಡು ಬರಬೇಡಿ. ದಿನದ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ, ಮೊದಲೇ ಕೇಳಿಕೊಳ್ಳಿ.