ಮಗ ಸೇವೆ ಮಾಡಿದ ಊರಿಗೆ: ಬೆಟಗೇರಿಯಿಂದ ಮಂಗಳೂರಿನ ಕರಾವಳಿಗೆ ಐದು ದಿನ

ನಮ್ಮ ಮಗ ಮೂರು ವರ್ಷ ಮೂಲ್ಕಿಯ ಹತ್ತಿರ, ಶಾಂಭವಿ ನದಿಯ ದಂಡೆಯ ಒಂದು ಸಣ್ಣ ಕ್ರೈಸ್ತ ಸಭೆಯಲ್ಲಿ ಮಿಷನ್ ಸೇವೆಗೆ ಇದ್ದ. ಆ ಮೂರು ವರ್ಷಗಳಲ್ಲಿ ನಮಗೆ ಒಮ್ಮೆಯೂ ಅಲ್ಲಿಗೆ ಹೋಗಲು ಆಗಲಿಲ್ಲ. ಮೊದಲು ಅತ್ತೆಯವರ ಕಾಯಿಲೆ, ಅದು ಮುಗಿಯುವುದರೊಳಗೆ ಮಗಳ ಬಾಣಂತನ. ಅವನನ್ನು ಒಡಿಶಾಕ್ಕೆ ಕಳುಹಿಸಿದ ಮೇಲೆ, ನವೆಂಬರಿನಲ್ಲಿ, ನಾನೂ ನಮ್ಮ ಮನೆಯವರೂ ಇಬ್ಬರೇ ಹೊರಟೆವು. ಮಗನೇ ಇಲ್ಲದ ಊರಿಗೆ ಹೋಗಿ ಏನು ನೋಡುತ್ತೀರಿ ಎಂದು ಓಣಿಯವರು ಕೇಳಿದರು. ಹೋಗಿ ಬಂದ ಮೇಲೆ ನನಗೆ ಅನಿಸಿದ್ದು ಬೇರೆಯೇ. ಮಗ ಜೊತೆಗಿರಲಿ ಎಂದು ಕಾಯಬೇಡಿ. ಅವನು ಎದುರಿಗೆ ಇದ್ದರೆ ಜನ ಅವನೊಂದಿಗೆ ಮಾತನಾಡುತ್ತಾರೆ. ಇಲ್ಲದಿದ್ದರೆ ನಿಮ್ಮೊಂದಿಗೆ ಅವನ ಬಗ್ಗೆ ಮಾತನಾಡುತ್ತಾರೆ. ನಾವು ಹೋದದ್ದು ಆ ಮಾತು ಕೇಳುವುದಕ್ಕೆ.

ಮಗನನ್ನೋ ಮಗಳನ್ನೋ ಕರಾವಳಿಯ ಸೇವೆಗೆ ಕಳುಹಿಸಿ, ಒಮ್ಮೆ ಆ ಊರು ನೋಡಿ ಬರಬೇಕು ಎಂದುಕೊಳ್ಳುವ ತಂದೆತಾಯಿಗಳು ನಮ್ಮ ಕಡೆ ಬಹಳ ಮಂದಿ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಲದ ಮಾತು. ಮಳೆಗಾಲದಲ್ಲಿ ಹೋಗಬೇಡಿ. ನಮ್ಮ ಬಯಲುಸೀಮೆಯವರಿಗೆ ಅಲ್ಲಿನ ಮಳೆಯ ಅಂದಾಜು ಇರುವುದಿಲ್ಲ. 2024ರ ಜುಲೈ 16ರಂದು ಅಂಕೋಲಾದ ಹತ್ತಿರ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆಯೇ ಕುಸಿದು ಜೀವಗಳು ಹೋದವು. ಅದೇ ತಿಂಗಳ ಕೊನೆಯಲ್ಲಿ ಸಕಲೇಶಪುರದ ಆಚೆಯ ಘಾಟಿನಲ್ಲಿ, ಎಡಕುಮೇರಿಯ ಬಳಿ ಹಳಿಯ ಕೆಳಗಿನ ಮಣ್ಣು ಜಾರಿ ರೈಲುಗಳೂ ನಿಂತವು. ನಮ್ಮ ಕಡೆಯಿಂದ ಮಂಗಳೂರಿಗೆ ಹೋಗುವ ಎರಡು ದಾರಿಗಳೂ ಇವೇ. ಇನ್ನೊಂದು ಕಾರಣವೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನುಗಾರಿಕೆಯನ್ನೇ ನಂಬಿದ ಮನೆಗಳಲ್ಲಿ ಆಗ ಕೈ ಖಾಲಿ ಇರುತ್ತದೆ. ಆದರೂ ನೀವು ಹೋದರೆ ಅವರು ಸಾಲ ಮಾಡಿಯಾದರೂ ಊಟ ಹಾಕುತ್ತಾರೆ. ಅಂಥ ಹೊರೆಯನ್ನು ನಾವು ಹೊರಿಸಬಾರದು.

ನವೆಂಬರಿನಿಂದ ಫೆಬ್ರುವರಿಯವರೆಗೆ ಒಳ್ಳೆಯ ಕಾಲ. ಉಡುಪಿಯಲ್ಲಿ ಉಳಿಯುವವರು ಮಾತ್ರ ಕೃಷ್ಣಮಠದ ಪೂಜೆಯ ಅಧಿಕಾರ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ, ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ ಪರ್ಯಾಯದ ದಿನಗಳನ್ನು ನೋಡಿಕೊಳ್ಳಬೇಕು. ಆಗ ಇಡೀ ಊರಿನಲ್ಲಿ ಕೋಣೆ ಸಿಗುವುದು ಕಷ್ಟ.

ನಾವು ಹೋಗುವಾಗ ವಿಜಯಪುರ–ಮಂಗಳೂರು ರೈಲನ್ನು ಗದಗದಲ್ಲಿ ಹತ್ತಿದೆವು. ಹುಬ್ಬಳ್ಳಿ, ಅರಸೀಕೆರೆ, ಹಾಸನದ ಮೇಲೆ ಹೋಗುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಘಾಟಿನಲ್ಲಿ 57 ಸುರಂಗಗಳಿವೆ. ನಮ್ಮ ಮನೆಯವರು ಒಂದೊಂದನ್ನೂ ಬೆರಳು ಮಡಚಿ ಎಣಿಸಿದರು. ಬರುವಾಗ ಬಸ್ಸಿನಲ್ಲಿ ಕುಂದಾಪುರ, ಭಟ್ಕಳ, ಅಂಕೋಲಾ, ಅರಬೈಲು ಘಾಟು, ಯಲ್ಲಾಪುರದ ದಾರಿ ಹಿಡಿದೆವು. ಮೊಣಕಾಲು ನೋವಿನವರಿಗೆ ಎರಡೂ ಕಡೆ ರೈಲೇ ವಾಸಿ.

ಮಂಗಳೂರಿನಲ್ಲಿ ಸೆಂಟ್ರಲ್ ಮತ್ತು ಜಂಕ್ಷನ್ ಎಂದು ಎರಡು ನಿಲ್ದಾಣಗಳಿವೆ. ನಿಮ್ಮ ಟಿಕೆಟ್ಟಿನಲ್ಲಿ ಯಾವುದಿದೆ ಎಂದು ಕರೆದೊಯ್ಯಲು ಬರುವವರಿಗೆ ಮೊದಲೇ ಹೇಳಿ. ಸರಕಾರಿ ಬಸ್ ನಿಲ್ದಾಣ ಬಿಜೈಯಲ್ಲಿದೆ. ಆದರೆ ಮೂಲ್ಕಿ, ಕಿನ್ನಿಗೋಳಿ, ಉಡುಪಿಯ ಕಡೆಗೆ ಓಡಾಡಲು ಬೇಕಾದದ್ದು ಖಾಸಗಿ ಬಸ್ಸು, ಅದು ಸಿಗುವುದು ಸ್ಟೇಟ್‌ಬ್ಯಾಂಕಿನಲ್ಲಿ. ಬ್ಯಾಂಕಿನ ಹೆಸರೇ ಅಲ್ಲಿ ನಿಲ್ದಾಣದ ಹೆಸರಾಗಿದೆ. ಬಸ್ಸಿನಲ್ಲಿ ಎಕ್ಸ್‌ಪ್ರೆಸ್ಸೋ ಸರ್ವೀಸೋ ಎಂದು ಕೇಳಿ ಹತ್ತಿ. ಎಕ್ಸ್‌ಪ್ರೆಸ್ ಸಣ್ಣ ಊರುಗಳಲ್ಲಿ ನಿಲ್ಲುವುದಿಲ್ಲ. ಮೂಲ್ಕಿ ಮಂಗಳೂರಿಗೂ ಉಡುಪಿಗೂ ಹೆಚ್ಚುಕಡಿಮೆ ನಡುವೆ ಇದೆ, ಎರಡೂ ಕಡೆಗೆ ಸುಮಾರು 30 ಕಿಲೋಮೀಟರ್.

ಮಲಗಲು ಮನೆಗಳಲ್ಲಿ ಉಳಿಯಬೇಡಿ ಎಂದು ಖಡಾಖಂಡಿತವಾಗಿ ಹೇಳುತ್ತೇನೆ. ನಮ್ಮನ್ನು ನಾಲ್ಕು ಮನೆಯವರು ಕರೆದರು. ಒಬ್ಬರ ಮನೆಯಲ್ಲಿ ಉಳಿದರೆ ಉಳಿದ ಮೂವರಿಗೆ ನೋವು. ಲಾಡ್ಜಿನಲ್ಲಿದ್ದರೆ ಎಲ್ಲರ ಮನೆಗೂ ಒಂದೇ ಸಮನಾಗಿ ಹೋಗಬಹುದು.

ಒಂದು ಅರ್ಧ ದಿನವನ್ನು ಮಂಗಳೂರಿನ ಬಲ್ಮಠಕ್ಕೆ ಇಟ್ಟುಕೊಳ್ಳಿ. ಸಂತ ಅಲೋಶಿಯಸ್ ಚಾಪೆಲ್ಲಿನ ಚಿತ್ರಗಳನ್ನು ನೋಡಲು ಎಲ್ಲರೂ ಹೇಳುತ್ತಾರೆ, ನೋಡಿ, ಚೆನ್ನಾಗಿವೆ. ಆದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಕಟ್ಟಿದ ನಮ್ಮಂಥ ಹಳೆಯ ಸಭೆಗಳವರಿಗೆ ಬಲ್ಮಠದ ಗುಡ್ಡವೇ ತವರು. 1834ರ ಅಕ್ಟೋಬರ್ 30ರಂದು ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಿಷನರಿಗಳು ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಅವರ ಕೆಲಸ ಧಾರವಾಡಕ್ಕೆ ಹತ್ತಿತು, ಅಲ್ಲಿಂದ ನಮ್ಮ ಬೆಟಗೇರಿಗೆ ಬಂತು. ಅದೇ ಮಿಷನ್ನಿನ ಮ್ಯೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರ ಜುಲೈ 1ರಂದು ಹೊರಡಿಸಿದ್ದು ಇಲ್ಲಿಂದ. ಕಿಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾದದ್ದು ಇಲ್ಲಿಯ ಮಿಷನ್ ಮುದ್ರಣಾಲಯದಲ್ಲಿ. ನಮ್ಮ ತವರುಮನೆಯ ಮಾಡಿನ ಹಂಚಿನ ಮೇಲಿದ್ದ ಬಾಸೆಲ್ ಮಿಷನ್ ಎಂಬ ಅಕ್ಷರಗಳನ್ನು ನಾನು ಚಿಕ್ಕಂದಿನಲ್ಲಿ ಓದಿದ್ದೆ. ಆ ಹಂಚಿನ ಕೆಲಸ ಶುರುವಾದದ್ದೂ ಮಂಗಳೂರಿನಲ್ಲೇ, 1865ರಲ್ಲಿ, ಪ್ಲೆಬ್ಸ್ಟ್ ಅವರಿಂದ. ಸಭಾಪಾಲಕರಾಗುವವರು ಓದುವ ಅಲ್ಲಿನ ದೇವಜ್ಞಾನ ಶಾಲೆಯ ಹಳೆಯ ಕಾಗದಪತ್ರಗಳನ್ನು ನೋಡುವ ಆಸೆಯಿದ್ದರೆ ಮುಂಚೆಯೇ ಪತ್ರ ಬರೆದು ಅಪ್ಪಣೆ ಪಡೆಯಿರಿ.

ಅಲ್ಲಿ ಮರದ ನೆರಳಿನಲ್ಲಿ ಕುಳಿತಾಗ ನನಗೆ ಹೆಬಿಕ್ ಅವರ ತಾಯಿಯ ನೆನಪಾಯಿತು. ಆಕೆಯ ಹೆಸರೂ ನನಗೆ ತಿಳಿಯದು. ಹಡಗು ತಿಂಗಳುಗಟ್ಟಲೆ ಸಾಗುತ್ತಿದ್ದ ಕಾಲ. ಹೆಬಿಕ್ ಈ ದೇಶ ಬಿಟ್ಟದ್ದು 1859ರಲ್ಲಿ, ಬಂದ 25 ವರ್ಷಗಳ ಮೇಲೆ. ಕಳುಹಿಸಿದ ತಾಯಂದಿರಲ್ಲಿ ಯಾರೂ ಈ ಗುಡ್ಡ ಹತ್ತಿ ಬಂದು ನನ್ನ ಮಗ ಇಲ್ಲಿ ಹೇಗಿದ್ದ ಎಂದು ಕೇಳುವ ಹಾಗಿರಲಿಲ್ಲ. ನನಗೆ ಒಂದು ರಾತ್ರಿಯ ರೈಲು ಸಾಕಾಯಿತು, ಅದಕ್ಕೂ ಮೂರು ವರ್ಷ ತಡಮಾಡಿದೆನಲ್ಲ ಎಂದು ಕಣ್ಣು ತುಂಬಿ ಬಂತು.

ಭಾನುವಾರ ಸಭೆಯಲ್ಲಿ ಬೆಳೆ ಹಬ್ಬವಿತ್ತು. ಸಾಧ್ಯವಾದರೆ ನಿಮ್ಮ ಪ್ರಯಾಣವನ್ನೂ ಆ ಭಾನುವಾರಕ್ಕೆ ಹೊಂದಿಸಿ. ದಿನ ಸಭೆಯಿಂದ ಸಭೆಗೆ ಬೇರೆಯಾಗುತ್ತದೆ, ಸಭಾಪಾಲಕರನ್ನೇ ಕೇಳಬೇಕು. ತೆಂಗಿನಕಾಯಿ, ಬಾಳೆಗೊನೆ, ಸುವರ್ಣಗೆಡ್ಡೆ, ಊರಕೋಳಿ ಎಲ್ಲವನ್ನೂ ತಂದು ಅರ್ಪಿಸಿ ಆಮೇಲೆ ಏಲಂ ಹಾಕುತ್ತಾರೆ. ಇಡೀ ಸಭೆ ಒಂದೇ ಕಡೆ ಸಿಗುತ್ತದೆ, ಯಾರ ಮನೆಗೆ ಯಾವಾಗ ಎಂಬುದನ್ನು ಅಲ್ಲಿಯೇ ನಿಶ್ಚಯಿಸಬಹುದು. ಎದ್ದುನಿಂತು ಎರಡು ಮಾತು ಹೇಳಿ ಎಂದು ಖಂಡಿತ ಕೇಳುತ್ತಾರೆ, ಬರೆದುಕೊಂಡು ಹೋಗಿ. ನಮ್ಮ ಮನೆಯವರು ಏನೂ ಸಿದ್ಧಮಾಡಿಕೊಂಡಿರಲಿಲ್ಲ. ಎದ್ದು ನಿಂತವರು ವಂದನೆ ಎಂದಷ್ಟೇ ಹೇಳಿ ಕುಳಿತುಬಿಟ್ಟರು, ಗಂಟಲು ಕಟ್ಟಿತ್ತು.

ಮಾತಿನ ವಿಷಯ. ಆರಾಧನೆ ಕನ್ನಡದಲ್ಲಿ ನಡೆಯಿತು, ಅಂಗಳಕ್ಕೆ ಬಂದರೆ ಎಲ್ಲವೂ ತುಳು. ನಮ್ಮ ಜೊತೆ ಅವರು ಆಡುವ ಕನ್ನಡ ಪಠ್ಯಪುಸ್ತಕದಂತೆ ಅಚ್ಚುಕಟ್ಟು. ನಮ್ಮ ಬಿರುಸು ಮಾತು ಕೇಳಿ ಮಕ್ಕಳು ಮೊದಲು ಹಿಂದೆ ಸರಿದವು. ನಿಧಾನವಾಗಿ ಮಾತನಾಡಿ. 'ಎಂಚ ಉಲ್ಲರ್' ಎಂದರೆ ಹೇಗಿದ್ದೀರಿ, 'ಸೊಲ್ಮೆಲು' ಎಂದರೆ ವಂದನೆಗಳು. ಈ ಎರಡನ್ನು ಮಗನಿಂದ ಫೋನಿನಲ್ಲಿ ಕಲಿತು ಹೋಗಿ. ನಾನು ಸೊಲ್ಮೆಲು ಎಂದಾಗ ಒಬ್ಬ ಹೆಂಗಸು ನನ್ನ ಕೈ ಹಿಡಿದುಕೊಂಡು, ನಿಮ್ಮ ಮಗನೂ ಹೀಗೆಯೇ ತಪ್ಪು ರಾಗದಲ್ಲಿ ಹೇಳುತ್ತಿದ್ದ ಎಂದು ನಕ್ಕರು.

ಯಾರ ಮನೆಗೆ ಹೋದರೂ ಮೊದಲು ಬೆಲ್ಲ ಮತ್ತು ನೀರು ಬರುತ್ತದೆ. ಅದನ್ನು ಬೇಡ ಎನ್ನಬೇಡಿ. ಸಕ್ಕರೆ ಕಾಯಿಲೆಯವರು ಚೂರು ಬಾಯಿಗಿಟ್ಟುಕೊಂಡರೂ ಸಾಕು. ಆಮೇಲೆ ನೀರುದೋಸೆ, ಕೋರಿರೊಟ್ಟಿ, ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ. ಜೋಳ ತಿಂದ ಹೊಟ್ಟೆಗೆ ಕುಚ್ಚಲಕ್ಕಿ ಮೊದಲ ದಿನ ಭಾರ. ಎರಡನೆಯ ದಿನ ನಾವು ಐದು ಮನೆ ಮಾಡಿದೆವು, ಐದೂ ಕಡೆ ಊಟ. ರಾತ್ರಿ ನಮ್ಮ ಮನೆಯವರು ನಿದ್ದೆಯಿಲ್ಲದೆ ಒದ್ದಾಡಿದರು. ದಿನಕ್ಕೆ ಎರಡು ಮನೆಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಮೂರನೆಯ ಮನೆಯ ಹೊತ್ತಿಗೆ ಕಿವಿಯೂ ದಣಿದಿರುತ್ತದೆ. ಅಲ್ಲಿ ಹೇಳಿದ್ದು ನೆನಪಿನಲ್ಲಿ ಉಳಿಯುವುದಿಲ್ಲ, ನನಗೆ ಈಗಲೂ ಅದೇ ಕೊರಗು.

ಕೊಡುಗೆಗೆ ಧಾರವಾಡ ಪೇಢಾ, ಶೇಂಗಾ ಚಟ್ನಿಪುಡಿ ಒಯ್ಯಿರಿ. ಖಡಕ್ ರೊಟ್ಟಿ ಒಯ್ಯುವುದಾದರೆ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ ಒಯ್ಯಿರಿ. ಬಟ್ಟೆಯಲ್ಲಿ ಕಟ್ಟಿದ್ದ ನನ್ನ ರೊಟ್ಟಿಗಳು ಆ ಕಡಲಗಾಳಿಗೆ ಒಂದೇ ದಿನದಲ್ಲಿ ಮೆತ್ತಗಾದವು. ಎಲ್ಲ ಮನೆಗೂ ಒಂದೇ ತೂಕದ ಪೊಟ್ಟಣ ಇರಲಿ, ನಾಲ್ಕೈದು ಹೆಚ್ಚಿಗೇ ಇರಲಿ. ಆ ಹೆಚ್ಚಿನ ಪೊಟ್ಟಣ ಯಾರಿಗೆ ಎಂಬುದನ್ನು ಈಗ ಹೇಳುತ್ತೇನೆ.

ಹೊರಡುವ ಮುಂಚೆ ಮಗ ನಮಗೆ ಹದಿನಾಲ್ಕು ಮನೆಗಳ ಪಟ್ಟಿ ಕೊಟ್ಟಿದ್ದ. ಸಭೆಯ ಹಿರಿಯರು, ಸಂಡೇಸ್ಕೂಲಿನ ಶಿಕ್ಷಕಿಯರು, ಅವನು ಸಂಜೆ ಪಾಠ ಹೇಳುತ್ತಿದ್ದ ಮಕ್ಕಳು, ಉಡುಪಿಯ ಮಿಷನ್ ಆಸ್ಪತ್ರೆಗೆ ಅವನು ಜೊತೆಗೆ ಹೋಗಿ ತೋರಿಸಿಕೊಂಡು ಬರುತ್ತಿದ್ದ ಒಬ್ಬ ಮುದುಕರು. 1923ರಲ್ಲಿ ಈವಾ ಲೊಂಬಾರ್ಡ್ ಎಂಬ ಡಾಕ್ಟರಮ್ಮ ಕಟ್ಟಿದ ಆಸ್ಪತ್ರೆ ಅದು, ಬೆಟಗೇರಿಯ ಜರ್ಮನ್ ಆಸ್ಪತ್ರೆಯನ್ನು ಕಂಡ ನಮಗೆ ಅದೂ ನಮ್ಮದೇ ಎನಿಸಿತು. ನಾಲ್ಕನೆಯ ದಿನ ಸಂಜೆಗೆ ಪಟ್ಟಿಯ ಮನೆಗಳೆಲ್ಲ ಮುಗಿದವು. ಆ ರಾತ್ರಿಯ ಬಸ್ಸಿಗೆ ಟಿಕೆಟ್ ಆಗಿತ್ತು. ಲಾಡ್ಜಿಗೆ ಹೋಗಲು ರಿಕ್ಷಾ ಹತ್ತುವಾಗ ಒಬ್ಬ ಹುಡುಗ ಬಂದು, ಚರ್ಚಿನ ಹಿಂದಿನ ಮನೆಯ ಅಜ್ಜಿ ಭಾನುವಾರದಿಂದ ಕಾಯುತ್ತಿದ್ದಾರೆ ಎಂದ.

ಆ ಅಜ್ಜಿ ನಮ್ಮ ಸಭೆಯವರಲ್ಲ. ಅಂಗಳದಲ್ಲಿ ತುಳಸಿಕಟ್ಟೆ ಇತ್ತು, ಜಗಲಿಯಲ್ಲಿ ಮೊರದ ತುಂಬ ಬೀಡಿ ಎಲೆ. ಮಗನಿಗೆ ಒಂದು ಮಳೆಗಾಲ ಹದಿನೈದು ದಿನ ಜ್ವರ ಬಂದಾಗ ಎರಡು ಹೊತ್ತು ಗಂಜಿ ಕಾಯಿಸಿ ಕೊಟ್ಟವರು ಅವರು. ಜ್ವರದ ಸುದ್ದಿಯನ್ನೇ ಅವನು ನಮಗೆ ಹೇಳಿರಲಿಲ್ಲ. ಅಜ್ಜಿಗೆ ಓದು ಬಾರದು. ಕಟ್ಟಿದ ಬೀಡಿಯ ಲೆಕ್ಕ ಸರಿಯಿದೆಯೇ ಎಂದು ವಾರಕ್ಕೊಮ್ಮೆ ಅವನು ನೋಡಿ, ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದನಂತೆ. ಆ ಪುಸ್ತಕವನ್ನು ತಂದು ನನ್ನ ಮಡಿಲಲ್ಲಿ ಇಟ್ಟರು. ಒಂದು ಬದಿಯಲ್ಲಿ ಸಾಲಾಗಿ ಅಂಕಿಗಳು. ಏಳನ್ನು ಅವನು ಒಂದನೆಯ ತರಗತಿಯಿಂದಲೂ ಸ್ವಲ್ಪ ಓರೆಯಾಗಿ ಬರೆಯುತ್ತಾನೆ, ತಿದ್ದಿ ತಿದ್ದಿ ನನಗೆ ಸಾಕಾಗಿತ್ತು. ಆ ಓರೆಯ ಏಳುಗಳು ಪುಟಪುಟದಲ್ಲೂ ಇದ್ದವು. ಹಿಂಬದಿಯಲ್ಲಿ ಅಜ್ಜಿ ಹೇಳಿಕೊಟ್ಟ ತುಳು ಮಾತುಗಳು, ಎದುರಿಗೆ ಕನ್ನಡದಲ್ಲಿ ಅರ್ಥ. ನಾನು ಪ್ರತಿಯೊಂದನ್ನೂ ಓದಿದೆ, ಅವರು ಒಂದೊಂದಕ್ಕೂ ಹೌದು ಹೌದು ಎಂದು ತಲೆಯಾಡಿಸಿದರು. ಟಿಕೆಟ್ಟಿನ ಹಣ ಹೋಯಿತು. ನಾವು ಮರುದಿನದ ಬಸ್ಸಿಗೆ ಹೊರಟೆವು.

ಆ ರಾತ್ರಿ ಫೋನಿನಲ್ಲಿ, ಇವರ ಹೆಸರು ಏಕೆ ಬರೆಯಲಿಲ್ಲ ಎಂದು ಮಗನನ್ನು ಕೇಳಿದೆ. ಸಭೆಯ ಪಟ್ಟಿ ಕೇಳಿದ್ದೆಯಲ್ಲಮ್ಮ ಎಂದ. ತಪ್ಪು ನನ್ನ ಪ್ರಶ್ನೆಯಲ್ಲೇ ಇತ್ತು. ಆದ್ದರಿಂದ ನೀವು ಹೊರಡುವ ಮುನ್ನ, ಯಾರ ಯಾರ ಮನೆಗೆ ಹೋಗಬೇಕು ಎಂದು ಕೇಳಬೇಡಿ. ಕಾಯಿಲೆ ಬಿದ್ದಾಗ ಯಾರು ನೋಡಿಕೊಂಡರು, ಮಳೆಯಲ್ಲಿ ಯಾರ ಜಗಲಿಯಲ್ಲಿ ನಿಲ್ಲುತ್ತಿದ್ದೆ, ಅಲ್ಲಿನ ಮಾತು ಯಾರಿಂದ ಕಲಿತೆ, ಯಾರಲ್ಲಿ ಕೈಸಾಲ ಮಾಡಿದ್ದೆ ಎಂದು ಕೇಳಿ. ಕೈಸಾಲ ಉಳಿದಿದ್ದರೆ ತೀರಿಸಿ ಬನ್ನಿ. ಅಂಗಡಿಯವರು, ರಿಕ್ಷಾದವರು, ಬಾಡಿಗೆ ಮನೆಯ ಒಡತಿ, ಇವರೆಲ್ಲರಿಗೂ ಒಂದೊಂದು ಪೊಟ್ಟಣ ಇರಲಿ. ನಮ್ಮ ಕೊನೆಯ ಪೇಢಾ ಪೊಟ್ಟಣ ಅಜ್ಜಿಯ ಮನೆಗೆ ಹೋಯಿತು, ಆಮೇಲೆ ರಿಕ್ಷಾದ ಹುಡುಗನಿಗೆ ಕೊಡಲು ಏನೂ ಉಳಿಯಲಿಲ್ಲ.

ಪೂರ್ತಿ ಐದು ದಿನ ಇಟ್ಟುಕೊಳ್ಳಿ, ಕೊನೆಯ ದಿನವನ್ನು ಯಾರಿಗೂ ಕೊಡದೆ ಖಾಲಿ ಬಿಡಿ. ಮಲ್ಪೆಯ ಕಡಲು, ಸೇಂಟ್ ಮೇರೀಸ್ ದ್ವೀಪ ಎಲ್ಲ ಆ ದಿನಕ್ಕೇ. ಯಾರಾದರೂ ಕಾಯುತ್ತಿದ್ದಾರೆ ಎಂದು ತಿಳಿದರೆ ಅವನ್ನು ಬಿಟ್ಟುಬಿಡಿ, ನಾವು ಬಿಟ್ಟೆವು. ಹೋಗುವಾಗಲೇ ಒಂದು ದೊಡ್ಡ ಖಾಲಿ ಚೀಲವನ್ನು ಮಡಚಿ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ. ನಮಗೆ ಒಂಬತ್ತು ತೆಂಗಿನಕಾಯಿ, ಎರಡು ಬಾಟಲಿ ತೆಂಗಿನೆಣ್ಣೆ, ಒಂದು ಸುವರ್ಣಗೆಡ್ಡೆ ಬಂದವು. ಅಜ್ಜಿ ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಟ್ಟ ಹಲಸಿನ ಹಪ್ಪಳವನ್ನು ನಾನು ತೊಡೆಯ ಮೇಲೆಯೇ ಇಟ್ಟುಕೊಂಡು ಬಂದೆ, ಹುಬ್ಬಳ್ಳಿಯವರೆಗೆ ಒಂದೂ ಮುರಿಯಲಿಲ್ಲ. ಅರ್ಧವನ್ನು ಒಡಿಶಾಕ್ಕೆ ಪಾರ್ಸೆಲ್ ಮಾಡಿದ್ದೇನೆ.