ಶನಿವಾರ, ಗ್ರಂಥಾಲಯದ ಪಕ್ಕದ ಕೋಣೆ

ಹುಕ್ಕೇರಿ ಕಡೆಯಿಂದ ಬೆಳಗಾವಿಗೆ ಬರುವ ಬೆಳಗಿನ ಬಸ್ಸಿನಲ್ಲಿ ಕಾಲೇಜಿಗೆ ಹೋಗುವವರೇ ಜಾಸ್ತಿ. ಸೀಟು ಸಿಕ್ಕರೆ ನಿದ್ದೆ, ಸಿಗದಿದ್ದರೆ ಮಾತು. ಮೂರು ವರ್ಷ ನಾನು ಅದೇ ಬಸ್ಸಿನಲ್ಲಿ ಓಡಾಡಿದೆ. 2011ರಲ್ಲಿ ಬಿ.ಎ. ಸೇರಿದಾಗ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಶುರುವಾಗಿ ಒಂದೇ ವರ್ಷ ಆಗಿತ್ತು. ಅದಕ್ಕೂ ಮೊದಲು ನಮ್ಮ ಭಾಗದ ಕಾಲೇಜುಗಳೆಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು.

ಬೇಸಿಕ್ ಇಂಗ್ಲಿಷ್ ಎಲ್ಲರಿಗೂ ಇತ್ತು. ನಾನು ಇತಿಹಾಸ, ಸಮಾಜಶಾಸ್ತ್ರದ ಜೊತೆ ಆಪ್ಷನಲ್ ಇಂಗ್ಲಿಷ್ ಕೂಡ ತೆಗೆದುಕೊಂಡೆ. ಮನೆಯಲ್ಲಿ ಯಾರಿಗೂ ಇದು ಸರಿ ಕಾಣಲಿಲ್ಲ. "ಇಂಗ್ಲಿಷ್ ಕಲಿಬೇಕಂದ್ರ ಕ್ಲಾಸಿಗೆ ಹೋಗು, ಅದಕ್ಕ ಡಿಗ್ರಿ ಯಾಕ?" ಅಂತ ಕಾಕಾ ಕೇಳಿದರು. ಇಂಗ್ಲಿಷ್ ಮಾತಾಡಲು ಕಲಿಯುವುದು ಬೇರೆ, ಇಂಗ್ಲಿಷಿನಲ್ಲಿ ಕಥೆ ಬರೆಯುವುದು ಬೇರೆ ಎಂದು ಅವರಿಗೆ ಹೇಳಬೇಕಿತ್ತು. ಆಗ ನನಗೂ ಅದು ಗೊತ್ತಿರಲಿಲ್ಲ.

ಪಠ್ಯದಲ್ಲಿ ಕಾವ್ಯ, ನಾಟಕ, ಕಾದಂಬರಿ ಎಲ್ಲ ಇದ್ದವು. ಅವನ್ನು ಓದಿದೆವು, ಪರೀಕ್ಷೆ ಬರೆದೆವು. ಅದರ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ನಾನು ನೆನೆಯಬೇಕಾದದ್ದು ಶನಿವಾರದ ಕ್ಲಾಸನ್ನು. ಅದು ಯಾವ ಸಿಲಬಸ್‌ನಲ್ಲೂ ಇರಲಿಲ್ಲ, ಅದಕ್ಕೆ ಅಂಕವೂ ಇರಲಿಲ್ಲ. ಶನಿವಾರ ಕಾಲೇಜು ಬೇಗ ಬಿಡುತ್ತಿತ್ತು. ಆಮೇಲೆ ನಮ್ಮ ಇಂಗ್ಲಿಷ್ ಮೇಡಂ ಗ್ರಂಥಾಲಯದ ಪಕ್ಕದ ಸಣ್ಣ ಕೋಣೆಯಲ್ಲಿ ಕೂರುತ್ತಿದ್ದರು. ಬರೆಯುವ ಆಸೆ ಇದ್ದವರು ಹೋಗಬಹುದಿತ್ತು. ನಾವು ಒಂಬತ್ತು ಜನ ಹೋಗುತ್ತಿದ್ದೆವು. ಕೆಲವರ ಮನೆಮಾತು ಕನ್ನಡ, ಮೂವರದು ಮರಾಠಿ, ಒಬ್ಬಳದು ಉರ್ದು. ಬೆಳಗಾವಿ ಅಂದ ಮೇಲೆ ಹಾಗೇ ಅಲ್ವಾ.

ಕ್ಲಾಸಿನ ಪದ್ಧತಿ ಹೀಗಿತ್ತು. ಒಬ್ಬರು ಬರೆದದ್ದನ್ನು ಝೆರಾಕ್ಸ್ ಮಾಡಿಸಿ ಎಲ್ಲರಿಗೂ ಕೊಡಬೇಕು. ಬರೆದವರು ಒಮ್ಮೆ ಗಟ್ಟಿಯಾಗಿ ಓದಬೇಕು, ಆಮೇಲೆ ಬಾಯಿ ತೆರೆಯಬಾರದು. ಉಳಿದವರು ಮಾತಾಡುವಾಗ "ನಾನು ಹೇಳಿದ್ದು ಹಾಗಲ್ಲ" ಅನ್ನಬಾರದು. "ಓದುವವರ ಮನೆಗೆಲ್ಲ ಹೋಗಿ ನೀ ಅರ್ಥ ಹೇಳಾಕಾಗುದಿಲ್ಲ. ಹಾಳಿ ಮ್ಯಾಲ ಏನೈತಿ ಅದಷ್ಟ" ಅನ್ನುತ್ತಿದ್ದರು ಮೇಡಂ. ಮೊದಲ ಸಲ ಹಾಗೆ ಸುಮ್ನೆ ಕೂತಾಗ ನನ್ನ ಕೈ ನಡುಗುತ್ತಿತ್ತು. ಮೂರನೇ ಸಲದ ಹೊತ್ತಿಗೆ ಕೇಳುವುದು ಬಂತು. ಯಾರು ಎಲ್ಲಿ ಓದುವುದನ್ನು ನಿಲ್ಲಿಸಿದರು, ಯಾವ ಸಾಲಿಗೆ ವಾಪಸ್ ಹೋದರು ಎಂದು ನೋಡುವುದನ್ನು ಕಲಿತೆ.

ನನ್ನ ಮೊದಲ ಬರಹದಲ್ಲಿ ಎಲೆ ಉದುರುವ ಕಾಲದ ವರ್ಣನೆ ಇತ್ತು. ಬಂಗಾರದ ಬಣ್ಣದ ಎಲೆಗಳು, ತಣ್ಣನೆಯ ಗಾಳಿ, ಅಕ್ಟೋಬರ್ ತಿಂಗಳು. ಪಠ್ಯದ ಪದ್ಯಗಳಿಂದ ಬಂದದ್ದು. ಮೇಡಂ ಬೈಯಲಿಲ್ಲ. "ನಿಮ್ಮ ಮನಿ ಮುಂದ ಯಾವ ಗಿಡ ಐತಿ?" ಅಂತ ಕೇಳಿದರು. ಬೇವಿನ ಗಿಡ ಅಂದೆ. "ಅದರ ಎಲಿ ಯಾವಾಗ ಉದುರ್ತಾವು?" ನನಗೆ ಹೇಳಲು ಬರಲಿಲ್ಲ. ಹುಟ್ಟಿದಾಗಿನಿಂದ ಆ ಗಿಡದ ಕೆಳಗೇ ಆಡಿದ್ದೆ. ಮನೆಗೆ ಹೋಗಿ ಅಜ್ಜಿಯನ್ನು ಕೇಳಿದೆ. ಶಿವರಾತ್ರಿ ಹೊತ್ತಿಗೆ ಉದುರುತ್ತವೆ, ಯುಗಾದಿಗೆ ಚಿಗುರಿ ಹೂ ಬಿಡುತ್ತದೆ, ಇಲ್ಲದಿದ್ದರೆ ಬೇವು ಬೆಲ್ಲಕ್ಕೆ ಹೂ ಎಲ್ಲಿಂದ ಬರಬೇಕು ಅಂದಳು. ಅಂದಿನಿಂದ ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಂಡೆ. ಪದ ಅಲ್ಲ, ಕಂಡದ್ದನ್ನು ಬರೆಯುವುದಕ್ಕೆ.

ಛಂದಸ್ಸಿನ ಪಾಠವನ್ನೂ ಅವರು ಆ ಕೋಣೆಯಲ್ಲೇ ಮತ್ತೊಮ್ಮೆ ಮಾಡಿದರು. ಕನ್ನಡದಲ್ಲಿ ಲಘು ಗುರು ಎಣಿಸಿ ನಮಗೆ ರೂಢಿ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಉಚ್ಚಾರಕ್ಕೆ ಎಷ್ಟು ಹೊತ್ತು ಬೇಕು ಎಂಬುದೇ ಲೆಕ್ಕ. ಇಂಗ್ಲಿಷಿನಲ್ಲಿ ಲೆಕ್ಕ ಹೊತ್ತಿನದಲ್ಲ, ಒತ್ತಿನದು. ಹದಿನಾಲ್ಕು ಸಾಲಿನ ಸಾನೆಟ್‌ನ ಒಂದು ಸಾಲಿನಲ್ಲಿ ಸಾಮಾನ್ಯವಾಗಿ ಐದು ಕಡೆ ಒತ್ತು ಬೀಳುತ್ತದೆ. ಮೇಡಂ ಬೆಂಚು ಬಡಿದು ತೋರಿಸಿದರು, ನಾವೂ ಬಡಿದೆವು. ಪುಸ್ತಕದಲ್ಲಿ ಗೆರೆ ಎಳೆದು ಉರು ಹೊಡೆದಾಗ ತಿಳಿಯದ್ದು ಅವತ್ತು ತಿಳಿಯಿತು.

ಎರಡನೇ ವರ್ಷ ವಚನ ಬಂತು. ಅದೇ ನನ್ನನ್ನು ಹೆಚ್ಚು ಬದಲಿಸಿದ್ದು.

ಎ. ಕೆ. ರಾಮಾನುಜನ್ ಇದೇ ಊರಿನಲ್ಲಿ ಇಂಗ್ಲಿಷ್ ಪಾಠ ಮಾಡಿದ್ದರು ಎಂದು ಮೇಡಂ ಹೇಳಿದಾಗ ನಮ್ಮಲ್ಲಿ ಅರ್ಧ ಜನ ನಂಬಲಿಲ್ಲ. ಮೈಸೂರಿನಲ್ಲಿ ಹುಟ್ಟಿದವರು, 1950ರ ದಶಕದಲ್ಲಿ ಬೆಳಗಾವಿಯಲ್ಲಿ ಮೇಷ್ಟ್ರಾಗಿದ್ದರು, 1959ರಲ್ಲಿ ಅಮೆರಿಕಕ್ಕೆ ಹೋದರು. ಅವರು ಇಂಗ್ಲಿಷಿಗೆ ತಂದ ವಚನಗಳು 1973ರಲ್ಲಿ ಪುಸ್ತಕವಾಗಿ ಬಂದವು. ಬಸವಣ್ಣ, ಅಕ್ಕಮಹಾದೇವಿ, ಅಲ್ಲಮ, ದೇವರ ದಾಸಿಮಯ್ಯ ಈ ನಾಲ್ವರ ವಚನಗಳು. ಇಂಗ್ಲಿಷಿನಲ್ಲಿ ಬರೆಯುವುದು ಎಲ್ಲೋ ದೂರದವರ ಕೆಲಸ ಅಂದುಕೊಂಡಿದ್ದೆ. ನಾನು ಬಸ್ ಇಳಿಯುವ ಊರಿನಲ್ಲಿ ಅಂಥವರು ಹಾಜರಿ ಕರೆದಿದ್ದರು ಎಂದು ಗೊತ್ತಾದ ಮೇಲೆ ಆ ದೂರ ಹೋಯಿತು.

ಆದರೆ ಮೇಡಂ ಪುಸ್ತಕ ಕೊಡಲಿಲ್ಲ. ಮೊದಲು ನೀವು ಮಾಡಿ, ಆಮೇಲೆ ಅವರದು ನೋಡೋಣ ಅಂದರು. "ಉಳ್ಳವರು ಶಿವಾಲಯವ ಮಾಡುವರು, ನಾನೇನ ಮಾಡುವೆ ಬಡವನಯ್ಯಾ." ನಮಗೆಲ್ಲ ಬಾಯಿಪಾಠ ಇದ್ದ ವಚನ. ಸುಲಭ ಅಂದುಕೊಂಡೆವು. ಮೊದಲ ಪದಕ್ಕೇ ಇಡೀ ಒಂದು ಶನಿವಾರ ಹೋಯಿತು. ಉಳ್ಳವರು ಅಂದರೆ ಶ್ರೀಮಂತರು ಅಂತ ಹೆಚ್ಚಿನವರು ಬರೆದರು. ನಮ್ಮ ಮನೆಯಲ್ಲಿ ಅಜ್ಜಿ "ಅವರು ಇದ್ದವರು" ಅನ್ನುತ್ತಾಳೆ. ಹೊಲ ಇದ್ದವರು, ದನ ಇದ್ದವರು ಎಂದು ಬಿಡಿಸಿ ಹೇಳುವುದಿಲ್ಲ, ಬರೀ ಇದ್ದವರು. ಉಳ್ಳವರು ಅನ್ನುವುದರಲ್ಲೂ ಅದೇ ಇದೆ ಎಂದು ನಾನು ವಾದಿಸಿದೆ. ರಾಮಾನುಜನ್ ಕೂಡ ಶ್ರೀಮಂತರು ಎಂಬ ಅರ್ಥದ ಸಾದಾ ಪದವನ್ನೇ ಬಳಸಿದ್ದಾರೆ. ಅದು ಆಮೇಲೆ ತಿಳಿಯಿತು. ಅವರ ಸಾಲಿನ ಓಟಕ್ಕೆ ಅದೇ ಸರಿ. ಆದರೂ ಇದ್ದವರು ಎಂಬ ಮಾತನ್ನು ನಾನು ಬಿಟ್ಟುಕೊಟ್ಟಿಲ್ಲ.

ಆಮೇಲೆ ಕಳಸ. "ಶಿರವೇ ಹೊನ್ನ ಕಳಸವಯ್ಯಾ." ಒಬ್ಬ ಕೊಡ ಅಂತ ಬರೆದ, ಒಬ್ಬಳು ಗೋಪುರ ಅಂದಳು. ನಾನು ಕಳಸವನ್ನು ಕಳಸ ಎಂದೇ ಇಟ್ಟೆ. ಓದುವವರಿಗೆ ಗೊತ್ತಾಗುತ್ತಾ ಎಂದು ಜಗಳವೇ ಆಯಿತು. ಕೊನೆಗೆ ಮೇಡಂ ಪುಸ್ತಕ ತೆರೆದರು. ರಾಮಾನುಜನ್ ಸಣ್ಣ ಗುಮ್ಮಟ ಎಂಬ ಅರ್ಥದ ಪದ ಹಾಕಿದ್ದರು. ಸ್ಥಾವರ, ಜಂಗಮ ಎಂಬ ಅಷ್ಟು ದೊಡ್ಡ ಪದಗಳನ್ನು ಬರೀ ನಿಂತಿರುವುದು, ಚಲಿಸುವುದು ಎಂಬ ಅರ್ಥಕ್ಕೆ ಇಳಿಸಿದ್ದರು. ಪಂಡಿತರ ಪದ ಒಂದೂ ಇಲ್ಲ. ನಾವು ಆ ಜಾಗದಲ್ಲಿ ಡಿಕ್ಷನರಿಯಿಂದ ಉದ್ದುದ್ದ ಪದ ಹೆಕ್ಕಿ ತಂದಿದ್ದೆವು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ನಾನು ನನ್ನ ಹಾಳೆ ತೆಗೆದುಕೊಂಡು ಮತ್ತೆ ಮೊದಲಿನಿಂದ ಬರೆದೆ.

ಮರಾಠಿ ಮನೆಯ ಗೆಳತಿಯೊಬ್ಬಳು ಅವಳ ಅಜ್ಜಿ ಬೀಸುವಾಗ ಹಾಡುತ್ತಿದ್ದ ಓವಿಗಳನ್ನು ಇಂಗ್ಲಿಷಿಗೆ ತಂದಳು. ನಮ್ಮಲ್ಲಿ ಬೀಸುಕಲ್ಲಿನ ಪದಗಳಿವೆ. ಭಾಷೆ ಎರಡು, ಕಲ್ಲು ಒಂದೇ. ಬೀದಿಯಲ್ಲಿ ಭಾಷೆಯ ಮಾತು ಬಿಸಿಯಾದ ದಿನಗಳಲ್ಲೂ ಆ ಕೋಣೆಯಲ್ಲಿ ಅವಳು ಓದುತ್ತಿದ್ದಳು, ನಾವು ಕೇಳುತ್ತಿದ್ದೆವು. ಇದಕ್ಕಾಗಿ ನಾನು ಆ ಕೋಣೆಗೆ ಋಣಿ.

ಕೊನೆಯ ವರ್ಷ ಒಂದು ಪೂರ್ತಿ ಕಥೆ ಬರೆಯಬೇಕಿತ್ತು. ನಾನು ಅಜ್ಜಿಯ ಊರಿನ ಬಗ್ಗೆ ಬರೆದೆ. ಘಟಪ್ರಭಾ ನದಿಗೆ ಹಿಡಕಲ್‌ನಲ್ಲಿ ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರುಗಳಲ್ಲಿ ಅದೂ ಒಂದು. ಬೇಸಿಗೆಯಲ್ಲಿ ನೀರು ಇಳಿದರೆ ಹುನ್ನೂರಿನ ಹಳೆಯ ವಿಠ್ಠಲ ಗುಡಿ ಹೊರಗೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಅಜ್ಜಿಯ ಮನೆ ಇದ್ದ ಜಾಗ ಹಾಗೆ ಕಾಣುವುದಿಲ್ಲ. ಊರು ಬಿಡುವಾಗ ಬಾಗಿಲ ಚೌಕಟ್ಟು, ಹೊಸ್ತಿಲು ಕಿತ್ತು ಚಕ್ಕಡಿಯಲ್ಲಿ ಹೇರಿಕೊಂಡು ಬಂದರು. ಬೀಸುಕಲ್ಲು ಭಾರ ಎಂದು ಅಲ್ಲೇ ಬಿಟ್ಟರು. ಅಷ್ಟು ನನಗೆ ಗೊತ್ತಿತ್ತು. ಉಳಿದದ್ದನ್ನು ನಾನೇ ಕಟ್ಟಿದೆ. ಕೊನೆಯಲ್ಲಿ ದೊಡ್ಡ ಮಳೆ ತಂದೆ. ಕಪ್ಪು ಮುಗಿಲು, ಸಿಡಿಲು, ಮಳೆಯಲ್ಲಿ ನೆನೆಯುತ್ತ ತಿರುಗಿ ನೋಡುವ ಹೆಂಗಸು.

ಶನಿವಾರ ಓದಿದೆ. ಎಲ್ಲರಿಗೂ ಇಷ್ಟವಾಯಿತು. ಮೇಡಂ ಮಾತ್ರ, "ಇದನ್ನ ಅಜ್ಜಿಗೆ ಓದಿ ಹೇಳಿದಿ?" ಅಂದರು. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ ಅಂದೆ. "ನಿನಗ ಕನ್ನಡ ಬರ್ತದಲ್ಲ" ಅಂದರು.

ಭಾನುವಾರ ಬೇವಿನ ಗಿಡದ ಕೆಳಗೆ ಕೂತು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. ಅಜ್ಜಿ ಶೇಂಗಾ ಸುಲಿಯುತ್ತಿದ್ದಳು. ಹೊಸ್ತಿಲಿನ ಮಾತು ಬಂದಾಗ ಕೈ ನಿಂತಿತು. ಮಳೆಯ ಮಾತು ಬಂದಾಗ ತಲೆ ಅಲ್ಲಾಡಿಸಿದಳು.

"ಮಳಿ ಎಲ್ಲಿತ್ತವ್ವಾ? ಅವತ್ತ ಚಲೋ ಬಿಸಲಿತ್ತು. ಮಳಿ ಆಗಿದ್ದು ಮ್ಯಾಲ ಘಟ್ಟದಾಗ. ನಮ್ಮ ಊರಿಗೆ ನೀರು ಮ್ಯಾಲಿಂದ ಬರಲಿಲ್ಲ, ಕೆಳಗಿಂದ ಬಂತು. ಸಪ್ಪಳನೂ ಮಾಡಲಿಲ್ಲ."

ಸೋಮವಾರದ ಬಸ್ಸಿನಲ್ಲಿ ಸೀಟು ಸಿಕ್ಕಿತ್ತು. ನಿದ್ದೆ ಮಾಡಲಿಲ್ಲ. ನೋಟ್‌ಬುಕ್ ತೆಗೆದು ಕೊನೆಯ ಪುಟದ ಮಳೆಯನ್ನೆಲ್ಲ ಹೊಡೆದು ಹಾಕಿದೆ. ಬಿಸಿಲಿನಿಂದ ಶುರು ಮಾಡಿದೆ.